ಏಣಿ ಹತ್ತುವ ಆಟಗಾರ

ಗುರುವಾರ, ಆಗಸ್ಟ್ ೨೧

ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸೆಲೆಕ್ಟ್ ಆದೆ ಎಂದು ಮನೆಮಂದಿಗೆಲ್ಲ ಡಂಗುರ ಸಾರಿದ್ದೆ. ನಾಳೆ ಕಾಲೇಜಿನ ಮೊಟ್ಟಮೊದಲ ತಂಡದ ನೆನಪಿಗೆ ಹೆರಿಟೇಜ್ ಮ್ಯಾಚ್. ಎಲ್ಲವೂ ಆ ಕಾಲದಂತೆಯೇ: ಮೊಣಕಾಲು ಮುಚ್ಚುವ ಚಡ್ಡಿ, ಹೊಲಿಗೆ ಹಾಕಿದ ತೊಗಲಿನ ಚೆಂಡು, ತಳವಿರುವ ಬುಟ್ಟಿ. ಚೆಂಡು ಒಳಗೆ ಬಿದ್ದರೆ ಯಾರಾದರೂ ಏಣಿ ಹತ್ತಿ ತೆಗೆಯಬೇಕು. ಆ ಯಾರಾದರೂ ನಾನೇ.

"ಸರ್, ನಾನು ಆಡೋದು ಯಾವಾಗ?" ಎಂದು ಕೋಚ್ ಅವರನ್ನು ಕೇಳಿದೆ.

"ನೀನು ಹತ್ತದೇ ಇದ್ರೆ ಆಟವೇ ನಿಂತುಹೋಗುತ್ತೆ ಕಣೋ. ನೀನೇ ಮೇನ್," ಎಂದರು. ಸೀನಿಯರ್‌ಗಳು ನಗು ಅಡಗಿಸಲು ಬಗ್ಗಿ ಶೂ ಲೇಸ್ ಕಟ್ಟತೊಡಗಿದರು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಬರಬೇಡ, ನಾನು ಆಡುವುದಿಲ್ಲ, ಏಣಿ ಹತ್ತುತ್ತೇನೆ ಅಷ್ಟೇ ಎಂದೆ.

"ಒಳ್ಳೇದೇ ಆಯ್ತಲ್ಲೋ. ಆ ಗುಂಪಲ್ಲಿ ನಿನ್ನನ್ನ ಹೇಗಪ್ಪಾ ಹುಡುಕೋದು ಅಂತಿದ್ದೆ. ಮೇಲಿದ್ರೆ ಚೆನ್ನಾಗಿ ಕಾಣ್ತೀಯ. ಚಿಕ್ಕಮ್ಮನ್ನೂ ಕರ್ಕೊಂಡು ಬರ್ತೀನಿ."

ಈಗ ಟೆನ್ಶನ್ ಡಬಲ್. ಇವತ್ತಿನ ಪ್ರಾಕ್ಟೀಸಿನಲ್ಲಿ ಎರಡೂ ಕಡೆಯವರು ಸೇರಿ ಬುಟ್ಟಿಗೆ ಒಂದು ಸಲವೂ ಚೆಂಡು ಹಾಕಲಿಲ್ಲ. ನಾನು ಏಣಿ ಹಿಡಿದು ಕಂಬದ ಹಾಗೆ ನಿಂತೇ ಇದ್ದೆ. ದೇವರೇ, ನಮಗೆ ಗೆಲುವು ಬೇಡ. ಎದುರಾಳಿಗಳಾದರೂ ಪರವಾಗಿಲ್ಲ, ಯಾರಾದರೂ ಒಂದೇ ಒಂದು ಸಲ...

ಕಣ್ಣು ಎಳೆಯುತ್ತಿದೆ.