ಗಬ್ಬೂರಿನ ಹುಡುಗಿಯ ದಮ್ಮು

ಜನವರಿ 9, ಗುರುವಾರ

ರೊಟ್ಟಿ ಬಡಿಯುತ್ತ ಕಬಡ್ಡಿ ಕಾಮೆಂಟ್ರಿ ಪ್ರ್ಯಾಕ್ಟೀಸ್. "ಬಲಗಡಿಂದ ಒಳಗ ಬಂದಾಳ, ಬೋನಸ್ ಗೆರಿ ಮ್ಯಾಲ ಕಾಲು…" ನನ್ನ ಗಂಡ ಮುಕರ್ರಂ ತಟ್ಟೆ ಮುಂದಿಟ್ಟುಕೊಂಡು ಕಾದರು, ಕಾದರು. ಕೊನೆಗೆ, "ಪೈಲೆ ಸಾಲನ್ ದೇಖ್, ತಹಸೀನ್." ನೋಡಿದೆ. ಒಲೆ ಮೇಲಿನ ಸಾರು ತಳ ಹಿಡಿದಿತ್ತು.

ಆಮೇಲೆ ಕೊಟ್ರೇಶನ ಫೋನ್. ಆಟಗಳನ್ನು ಯೂಟ್ಯೂಬಿನಲ್ಲಿ ಲೈವ್ ಬಿಡುವವನು. ಶಕ್ತಿನಗರದಲ್ಲಿ ಮಹಿಳಾ ಕಬಡ್ಡಿ ಫೈನಲ್, ಕಾಮೆಂಟ್ರಿ ನನ್ನದೇ. "ಇದೊಂದು ಚಲೋ ಆತಂದ್ರ ವಿಭಾಗ ಮಟ್ಟದ ಮೈಕೂ ನಿಮಗ ಮೇಡಂ. ಬಾಯಿ ಮಾತ್ರ ನಿಲ್ಲಸಬ್ಯಾಡ್ರಿ." ನನ್ನ ಬಾಯಿ ನಿಂತದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ.

ವಿಭಾಗ ಮಟ್ಟ! ಆಡುವ ಕಾಲಕ್ಕೆ ಮೊಣಕಾಲು ಮುರಿದು ಅಲ್ಲಿಗೆ ಮುಟ್ಟಲೇ ಇಲ್ಲ. ಈಗ ಬಾಯಿಂದಾದರೂ ಮುಟ್ಟಬೇಕು.

ಜನವರಿ 12, ರವಿವಾರ

ಫೈನಲ್ಲಿಗೆ ಬಂದ ಟೀಮು ನೋಡಲು ಗಬ್ಬೂರಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಆಟಗಾರರ ಚಾಳಿ ತಿಳಿಯದೆ ಮೈಕು ಹಿಡಿಯಬಾರದು. ಶಿವಗಂಗಾ ಎಂಬ ಹುಡುಗಿ, ಡಿಗ್ರಿ ಎರಡನೇ ವರ್ಷ. ರೇಡಿಗೆ ಹೋದರೆ ಕಾಲು ನೆಲಕ್ಕೆ ತಾಗಿದ್ದೇ ಕಾಣದು. ಆ ದಮ್ಮು! ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ… ಶಾವಿಗೆ ಹೊಸೆದ ಹಾಗೆ, ಎಲ್ಲೂ ಹರಿಯದ ಎಳೆ. ಕಣ್ಣಲ್ಲಿ ನೀರು ಬಂತು. ನಾನು ಹೀಗೆ ಆಡುತ್ತಿದ್ದೆನಾ? ಇಲ್ಲ ಬಿಡು.

ಎದುರು ಟೀಮು ಕಲ್ಲೂರು, ನನ್ನ ತವರು. ನಮ್ಮೂರ ಹೆಸರನ್ನೇ ಜೋರಾಗಿ ಕೂಗಬೇಕಂತೆ, ಅಮ್ಮಿ ಫೋನಿನಲ್ಲಿ ತಾಕೀತು ಮಾಡಿದಳು.

ಜನವರಿ 19, ರವಿವಾರ, ಸಂಜೆ

ಶಕ್ತಿನಗರದಿಂದ ಈಗಷ್ಟೇ ಬಂದೆ.

ಕೊನೆಯ ರೇಡ್. ಪಾಯಿಂಟ್ ಸಮ. ಶಿವಗಂಗಾ ಹೋದಳು. ಕಲ್ಲೂರಿನ ಮೂವರು ಮೇಲೆ ಬಿದ್ದರು. ಮೂವರನ್ನೂ ಎಳೆದುಕೊಂಡು, ಮೊಳಕೈ ಊರಿ, ನಡುಗೆರೆಯತ್ತ ಬಂದಳು. ಯಾ ಅಲ್ಲಾ. ಬೆರಳು ಗೆರೆ ಮುಟ್ಟಿತು. ಅಂಪೈರ್ ಮಹಾಂತಯ್ಯ ಸರ್ — ನನಗೂ ಶಾಲೆಯಲ್ಲಿ ಕಬಡ್ಡಿ ಕಲಿಸಿದವರು, ದಮ್ಮು ಕೇಳಲು ಬಗ್ಗಿ ಕಿವಿ ಕೊಡುವವರು — ಗಬ್ಬೂರಿಗೆ ಕೈ ಎತ್ತಿದರು. ಮೈದಾನವೆಲ್ಲ ಎದ್ದು ಕುಣಿಯಿತು.

ಶಿವಗಂಗಾ ಎದ್ದಳು. ಮೊಣಕಾಲು ತರಚಿತ್ತು.

"ಸರ್, ನಾ ಔಟ್ ರೀ. ಗೆರಿ ಮುಟ್ಟೂಕಿಂತ ಮೊದ್ಲ ದಮ್ಮು ಹೋಗಿತ್ತು."

"ನಾ ಕೇಳೀನಲ್ಲವಾ. ಕಡೀತನಕ ಕಬಡ್ಡಿ ಅಂದಿ."

"ಅದು ನಾ ಅಲ್ರಿ. ಮೈಕಿನ್ಯಾಗ ಅಕ್ಕಾರು ಅನ್ನಾಕತ್ತಿದ್ರು."

ನಾನು! ಕಾಮೆಂಟ್ರಿ ಯಾವಾಗ ಬಿಟ್ಟೆನೋ, ಅವಳ ಜೊತೆ ಕಬಡ್ಡಿ ಕಬಡ್ಡಿ ಯಾವಾಗ ಹಿಡಿದೆನೋ. ಅದೂ ತವರಿನ ವಿರುದ್ಧ. ಸ್ಪೀಕರ್ ಅಂಕಣದ ಮಗ್ಗುಲಲ್ಲೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಹೌದ್ರಿ ಸರ್, ನಾನ" ಅಂದೆ. ಮೈಕ್ ಆನ್ ಇತ್ತು. ಎಲ್ಲರಿಗೂ ಕೇಳಿತು.

ಸರ್ ತೀರ್ಪು ತಿರುಗಿಸಿದರು. ಕಲ್ಲೂರು ಗೆದ್ದಿತು.

ಮಾತಾಡ್ರಿ ಎಂದು ಕೊಟ್ರೇಶ ಕೈಸನ್ನೆ ಮಾಡುತ್ತಲೇ ಇದ್ದ. ನಾನು ಶಿವಗಂಗಾಳನ್ನೇ ನೋಡುತ್ತಿದ್ದೆ. ಕೈಗೆ ಬಂದ ಕಪ್ಪನ್ನು ತಾನೇ ತಿರುಗಿ ಕೊಟ್ಟ ಹುಡುಗಿ, ಏನೂ ಆಗಿಲ್ಲವೆಂಬಂತೆ ನೀರು ಕುಡಿಯುತ್ತ ನಿಂತಿದ್ದಳು. ಆಡಿದ್ದೇನೆ, ಆಡಿಸಿದ್ದೇನೆ, ಹುಟ್ಟಿದಾಗಿನಿಂದ ಇದೇ ಹುಚ್ಚು… ಇಂಥದ್ದು ಕಂಡಿರಲಿಲ್ಲ. ಕೊನೆಗೆ ಇಷ್ಟೇ ಅಂದೆ: "ಕಲ್ಲೂರು ಗೆದ್ದದ. ಎಲ್ಲಾರೂ ಎದ್ದು ನಿಲ್ರಿ… ಗಬ್ಬೂರಿಗೆ."

ನಿಂತರು. ಕಲ್ಲೂರಿನವರೂ ನಿಂತರು.

ಜನವರಿ 24, ಶುಕ್ರವಾರ

ಕೊಟ್ರೇಶನ ಫೋನ್. "ವಿಭಾಗದ ಮೈಕ್ ಬ್ಯಾರೆಯವ್ರಿಗೆ ಕೊಟ್ಟಾರ್ರಿ ಮೇಡಂ." ಬೇಜಾರಿಲ್ಲ ಅಂದರೆ ಸುಳ್ಳು. ಮುಸುಕು ಹೊದ್ದು ಅತ್ತುಬಿಟ್ಟೆ. ಇವರು ಚಹಾ ಮಾಡಿ ತಂದರು. ಸಕ್ಕರೆ ಮರೆತಿದ್ದರು. ಕುಡಿದೆ.

ಸಂಜೆ ಶಿವಗಂಗಾಳ ಫೋನ್. ಜಿಲ್ಲಾ ಟೀಮಿಗೆ ಆಯ್ಕೆಯಾಗಿದ್ದಾಳೆ. "ಅಕ್ಕಾ, ನೀವು ಬರಾಕ ಬೇಕ್ರಿ. ಮೈಕ್ ಇಲ್ಲಂದ್ರ ಏನಾತು?"

ಫೆಬ್ರವರಿ 9, ರವಿವಾರ, ರಾಯಚೂರು ಸ್ಟೇಡಿಯಂ

ವಿಭಾಗ ಮಟ್ಟದ ಆಟ. ಜನರ ನಡುವೆ ಕೂತು ಗೀಚುತ್ತಿದ್ದೇನೆ. ಇವರೂ ಅಂಗಡಿ ಮುಚ್ಚಿ ಬಂದಿದ್ದಾರೆ, ಶೇಂಗಾ ಸುಲಿಯುತ್ತಿದ್ದಾರೆ. ಮೈಕಿನಲ್ಲಿ ಇನ್ಯಾರೋ. ಹೆಸರು ಹೆಸರಿಗೂ ತಪ್ಪು… ಹಾಳಾಗಲಿ.

ಶಿವಗಂಗಾ ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ರೇಡ್ ಅವಳದೇ.

ನನ್ನ ಕೈಯಲ್ಲಿ ಮೈಕಿಲ್ಲ. ಈಗ ನಾನೂ ಕೂಗಿದರೆ ಯಾರಿಗೂ ಮೋಸವಿಲ್ಲ. ಉಸಿರು ಎಳೆದುಕೊಂಡೆ. ಕಬಡ್ಡಿ ಕಬಡ್ಡಿ ಕಬ…