ಮೇಷ್ಟ್ರ ಮನೆಗೆ ಮತ್ತೊಂದು ಫೈಲು

ಆಗಸ್ಟ್ 4, ಸಂಜೆ

ಮತ್ತೆ ಜೆರಾಕ್ಸ್ ಅಂಗಡಿ. ಮಾರ್ಕ್ಸ್ ಕಾರ್ಡು, ಬಯೋಡಾಟಾ, ನನ್ನ ಪ್ರಬಂಧದ ಸಾರಾಂಶ, 'ಪತ್ರದಲ್ಲಿ ಇವನ್ನು ಉಲ್ಲೇಖಿಸಬಹುದು' ಎಂಬ ಪುಟ. ನನ್ನನ್ನು ನಾನೇ ಹೊಗಳಿಕೊಂಡ ಪುಟ ಅದು. ಓದಿದರೆ ನನಗೇ ನಾಚಿಕೆ.

ನೆದರ್ಲೆಂಡ್ಸಿನ ಸ್ಕಾಲರ್‌ಶಿಪ್ಪಿಗೆ ಎರಡು ಶಿಫಾರಸು ಪತ್ರ ಬೇಕು. ಲ್ಯಾಬಿನ ಮುಖ್ಯಸ್ಥೆ ಮೇಡಂ ಮೇಲ್ ನೋಡಿದವರೇ ಕಳಿಸಿಬಿಟ್ಟರು, ಪುಣ್ಯಾತ್ಗಿತ್ತಿ. ಇನ್ನೊಂದು ವಿದಗ್ದೊ ಮೇಷ್ಟ್ರದು. ನನಗೆ ಮಣ್ಣು ಓದಲು ಕಲಿಸಿದವರು. ರಿಟೈರ್ ಆಗಿದ್ದಾರೆ, ಸ್ಕ್ರೀನಿನಲ್ಲಿ ಓದುವುದಿಲ್ಲ. ಅವರಿಗೆ ದಪ್ಪಕ್ಷರದ ಪ್ರಿಂಟು, ಬಾಟಿಕ್ ಬಟ್ಟೆಯ ರಟ್ಟು.

ರೂಮಿನ ಗೆಳತಿ ಯೆಕ್ತಿ ನೋಡಿ ನಕ್ಕಳು. "ಏನೇ ವೆನಿಂಗ್, ಲಗ್ನಪತ್ರಿಕೆ ಹಂಚ್ತಿದ್ದೀಯಾ?"

ನಗಲಿ. ನವೆಂಬರಿಗೆ ಮೂವತ್ತೈದು ತುಂಬುತ್ತದೆ. ಆಮೇಲೆ ಈ ಸ್ಕಾಲರ್‌ಶಿಪ್ಪಿಗೆ ಅರ್ಜಿಯನ್ನೇ ಹಾಕುವಂತಿಲ್ಲ. ಇದೇ ಕೊನೆ.

ಆಗಸ್ಟ್ 10, ಭಾನುವಾರ

ಮೇಷ್ಟ್ರ ಮನೆ. ಮೋಡದ ಹಿಂದೆ ಮೆರಾಪಿ ಜ್ವಾಲಾಮುಖಿ ಕಾಣಲೇ ಇಲ್ಲ. ಎರಡೂ ಕೈಯಲ್ಲಿ ಫೈಲು ಕೊಟ್ಟೆ.

"ಬಾಟಿಕ್ ರಟ್ಟು! ನಮ್ಮಮ್ಮ ಉಡ್ತಿದ್ದ ಬಟ್ಟೆ ಹೀಗೇ ಇತ್ತು ಮಗು" ಎಂದು ಸವರಿದರು. "ನಿನಗೆ ಬರೀದೆ ಇನ್ಯಾರಿಗೆ ಬರೀಲಿ?"

ಮೆರಾಪಿ ಉಗುಳಿದ ವರ್ಷ ನಾನು ಬೂದಿಯ ಚೀಲ ಹೊತ್ತು ಕೆಸರಲ್ಲಿ ಬಿದ್ದದ್ದು ಎಲ್ಲ ನೆನಪಿಸಿ ನಕ್ಕರು. ಅವರ ಹೆಂಡತಿ ಮೂರ್ತಿನಿ ಅಮ್ಮ ಟೀ ಕೊಟ್ಟರು, ಬೆಲ್ಲದಲ್ಲಿ ಬೇಯಿಸಿದ ತೋಫು ಕೊಟ್ಟರು, ನನ್ನ ಕಣ್ಣು ತಪ್ಪಿಸಿ ಒಳಗೆ ಹೋದರು. ಹಾರಿಕೊಂಡು ಮನೆಗೆ ಬಂದೆ.

ಆಗಸ್ಟ್ 24

ಅರ್ಜಿಯ ಪೋರ್ಟಲ್ಲಿನಲ್ಲಿ ಮೇಷ್ಟ್ರ ಹೆಸರಿನ ಮುಂದೆ ಇನ್ನೂ 'ಬಂದಿಲ್ಲ'. ನೆನಪಿಸುವುದು ಹೇಗೆ? ಹಿರಿಯರು ಆಯ್ತು ಎಂದ ಮೇಲೆ ಎಲ್ಲಿಗೆ ಬಂತು ಎಂದು ಕೇಳಿದರೆ ನಂಬಿಕೆಯಿಲ್ಲ ಎಂದೇ ಅರ್ಥ. ಸಲಕ್ ಹಣ್ಣು ಕೊಡುವ ನೆಪ ಮಾಡಿ ಹೋದೆ.

"ನೆದರ್ಲೆಂಡ್ಸಿಗಾ? ಭೇಷ್! ಫೈಲು ತಂದುಕೊಡು, ಬರೀತೀನಿ" ಎಂದರು.

ತಮಾಷೆ ಎಂದುಕೊಂಡೆ. ಮುಖದಲ್ಲಿ ತಮಾಷೆ ಇರಲಿಲ್ಲ. ಕೊಟ್ಟಾಗಿದೆ ಸರ್ ಎನ್ನಬೇಕಿತ್ತು. ಮೇಷ್ಟ್ರನ್ನು ತಿದ್ದುವುದೇ? "ಆಗಲಿ ಸರ್" ಎಂದೆ.

ಮತ್ತೆ ಜೆರಾಕ್ಸ್ ಅಂಗಡಿ.

ಆಗಸ್ಟ್ 31

ಎರಡನೇ ಫೈಲು ಕೊಟ್ಟೆ.

"ಬಾಟಿಕ್ ರಟ್ಟು! ನಮ್ಮಮ್ಮ ಉಡ್ತಿದ್ದ ಬಟ್ಟೆ ಹೀಗೇ ಇತ್ತು ಮಗು."

ಅದೇ ಮಾತು. ಅದೇ ಸವರುವಿಕೆ. ಟೀ ಬಗ್ಗಿಸುತ್ತಿದ್ದ ಅಮ್ಮನ ಕೈ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿಗೆ ಗೊತ್ತಿದೆ. ನನಗೆ ಗೊತ್ತಾದದ್ದೂ ಅವರಿಗೆ ಗೊತ್ತಾಯಿತು. ಆಗಲಾದರೂ ಕೇಳಬಾರದಿತ್ತೇ? ಬಾಯಿ ಬಿಟ್ಟು ಕೇಳಿದ್ದೇನು — "ಟೀ ಪುಡಿ ಯಾವುದಮ್ಮ? ಘಮ ಅಂತಿದೆ."

ಥೂ ನನ್ನ ಜನ್ಮಕ್ಕೆ.

ಸೆಪ್ಟೆಂಬರ್ 8

ಯೆಕ್ತಿಯ ಜೊತೆ ಜಗಳ.

"ಅವರಿಗೆ ಮರೆವು ಹಿಡಿದಿದೆ ಕಣೇ. ಬೇರೆ ಮೇಷ್ಟ್ರನ್ನ ಹಿಡಿ, ಇನ್ನೂ ಟೈಮಿದೆ."

"ಅವರು ಬರೀತೀನಿ ಅಂದಿದ್ದಾರೆ. ಬೇರೆಯವರ ಹತ್ರ ಹೋದ್ರೆ ಅವರ ಮುಖಕ್ಕೆ ಹೊಡೆದ ಹಾಗೆ."

"ನಿನ್ನ ದಾಕ್ಷಿಣ್ಯಕ್ಕೆ ಬೆಂಕಿ ಬೀಳ! ಕೂತ್ಕೋ ಇಲ್ಲೇ, ಮುದುಕಿ ಆಗು."

ಮೂರ್ತಿನಿ ಅಮ್ಮನಿಗೆ ಮೆಸೇಜು ಬರೆದೆ: ಆರೋಗ್ಯವೇ? ಪತ್ರದ ವಿಷಯ ಬರೆದು, ಅಳಿಸಿ, ಬರೆದು, ಅಳಿಸಿದೆ. ಆರೋಗ್ಯವಷ್ಟೇ ಹೋಯಿತು.

ಉತ್ತರ: "ಚೆನ್ನಾಗಿದ್ದೇವೆ ಮಗು. ಮೇಷ್ಟ್ರು ಬರೀತಿದ್ದಾರೆ."

ಸುಳ್ಳು ಎಂದು ಗೊತ್ತು. ಆದರೂ ನಂಬಿ ಮಲಗಿದೆ.

ಸೆಪ್ಟೆಂಬರ್ 15, ಮಧ್ಯಾಹ್ನ

ಇವತ್ತೇ ಕೊನೆ ದಿನ. ನಾಚಿಕೆ ಬಿಟ್ಟು ಮೇಷ್ಟ್ರ ಮನೆಗೆ ಹೋದೆ. ಅಮ್ಮ ಬಾಗಿಲಲ್ಲೇ ಕೈ ಹಿಡಿದು ಅತ್ತರು.

"ಹೋದ ವರ್ಷದಿಂದ ಹೀಗೇ ಮಗು. ಬರೀತೀನಿ ಅಂದಾಗ ಅವರ ಮುಖ ಎಷ್ಟು ಅರಳಿತ್ತು, ನೋಡಿದ್ಯಲ್ಲ. ಇವರ ಕೈಲಾಗಲ್ಲ ಅಂತ ನಾನು ಹೇಗೆ ಹೇಳ್ಲಿ?"

ಸಿಟ್ಟು ಬಂತು. ಕೂಗಬೇಕೆನಿಸಿತು. ನಾನೂ ಕೇಳದೆ ಉಳಿದವಳೇ. ಯಾವ ಬಾಯಿಂದ ಕೂಗಲಿ?

ಅಮ್ಮ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತಂದಿಟ್ಟರು. "ಅವರ ಮೇಲಿನ ಪಾಸ್‌ವರ್ಡ್ ನನ್ನ ಹತ್ರ ಇದೆ. ನೀನೇ ಬರೆದು ಅವರ ಹೆಸರಲ್ಲಿ ಕಳಿಸ್ಬಿಡು. ಯಾರಿಗೆ ತಿಳಿಯುತ್ತೆ?"

ಕೂತೆ. ನನ್ನದೇ ಹೊಗಳಿಕೆಯ ಪುಟ ನೋಡಿ ಪತ್ರ ಟೈಪ್ ಮಾಡಿದೆ. ಫಾರ್ಮಿನ ಕೊನೆಗೊಂದು ಪ್ರಶ್ನೆ: ಈ ಅಭ್ಯರ್ಥಿಯನ್ನು ನೀವು ಎಷ್ಟು ಕಾಲದಿಂದ ಬಲ್ಲಿರಿ?

ಎದುರು ಕುರ್ಚಿಯಲ್ಲಿ ಮೇಷ್ಟ್ರು ನನ್ನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ಓದುತ್ತಿದ್ದರು. ತಲೆ ಎತ್ತಿದರು.

"ಒಳ್ಳೇ ಕೆಲಸ ಮಾಡಿದ್ದಾಳೆ ಈ ಹುಡುಗಿ. ಯಾರಮ್ಮ ಇವಳು? ನಿನಗೆ ಗೊತ್ತಾ?"

ಅಳೆಯದ ಅಂಕಿ ಬರೆಯಬೇಡ ಎಂದು ನನಗೆ ಕಲಿಸಿದವರು. ಅವರ ಕಣ್ಣೆದುರೇ ಆ ಪ್ರಶ್ನೆಗೆ ಅಂಕಿ ತುಂಬಲಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

"ಗೊತ್ತು ಸರ್" ಎಂದೆ.

"ಇವಳಿಗೆ ಬರೀಬೇಕು. ಕೊನೇ ದಿನ ಯಾವಾಗ?"

"ಇನ್ನೂ ಟೈಮಿದೆ ಸರ್."

ಅಮ್ಮ ಟೀ ತಂದರು. ಕುಡಿದೆವು.

ಸೆಪ್ಟೆಂಬರ್ 16

ಪೋರ್ಟಲ್ ಮುಚ್ಚಿದೆ.

ನವೆಂಬರ್ 22

ಮೂವತ್ತೈದು ತುಂಬಿತು. ಯೆಕ್ತಿ ಕೇಕು ತಂದಳು, ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಮೂರ್ತಿನಿ ಅಮ್ಮನ ಮೆಸೇಜು: "ಆ ಹುಡುಗಿ ಫೈಲು ಯಾವಾಗ ತರ್ತಾಳೆ ಅಂತ ಮೇಷ್ಟ್ರು ದಿನಾ ಕೇಳ್ತಾರೆ ಮಗು. ಬಾಗಿಲಲ್ಲೇ ಕೂತಿರ್ತಾರೆ."

ಇಲ್ಲ ಎಂದು ಬರೆದೆ. ಅಳಿಸಿದೆ. "ನಾಳೆ ತರ್ತೀನಮ್ಮ" ಎಂದು ಕಳಿಸಿದೆ.

ಜೆರಾಕ್ಸ್ ಅಂಗಡಿ ಮುಚ್ಚುವ ಹೊತ್ತಾಯಿತು, ಈಗಲೇ ಹೋಗಬೇಕು. ದಪ್ಪಕ್ಷರದ ಪ್ರಿಂಟು. ಬಾಟಿಕ್ ರಟ್ಟು ಇನ್ನೂ ಉಳಿದಿದ್ದರೆ —