ಒಳಗೆ ನೀಲಿಯಿದ್ದ ಮೀನು

ಮೊರೊ ಬೇ, ಕ್ಯಾಲಿಫೋರ್ನಿಯಾ
ಶನಿವಾರ

ಪ್ರೀತಿಯ ಅಣ್ಣ,

ನಿನ್ನೆ ಮಾವ ಮತ್ತು ಅವರ ಗೆಳೆಯರ ಜೊತೆ ಮೀನು ಹಿಡಿಯಲು ದೋಣಿಯಲ್ಲಿ ಹೋಗಿದ್ದೆ. ಮಾವನ ಕಣ್ಣು ಈಗ ಪೂರಾ ಮಂಜು, ಗುರುವಾರ ಆಪರೇಷನ್. ಅವರ ಗಾಳಕ್ಕೆ ಗೇಣುದ್ದದ ಕೆಂಪು ಮೀನೊಂದು ಸಿಕ್ಕಿತು. ಮೇಲೆ ಬರುವಾಗ ನೋಡಿದರೆ ದೊಡ್ಡ ಲಿಂಗ್‌ಕಾಡ್ ಮೀನೊಂದು ಅದನ್ನು ಕಚ್ಚಿಕೊಂಡೇ ಬಂದಿದೆ! ಅದಕ್ಕೆ ಗಾಳವೇ ತಾಗಿರಲಿಲ್ಲ, ಬರೀ ಹಟ. ಬಲೆಯಲ್ಲಿ ಎತ್ತಿ ಅಳೆದೆ: ಇಪ್ಪತ್ತೊಂದೂವರೆ ಅಂಗುಲ. ಇಲ್ಲಿಯ ಕಾನೂನಿನಂತೆ ಲಿಂಗ್‌ಕಾಡ್ ಇಪ್ಪತ್ತೆರಡು ಇಲ್ಲದಿದ್ದರೆ ವಾಪಸ್ ಬಿಡಲೇಬೇಕು. ಈ ವರ್ಷ ಮಾವನಿಗೆ ಒಂದು ಲಿಂಗ್‌ಕಾಡೂ ಸಿಕ್ಕಿರಲಿಲ್ಲ.

"ಸರಿಯಾಗಿ ಇಪ್ಪತ್ತೆರಡು, ಮಾವ" ಅಂದುಬಿಟ್ಟೆ.

ಅವರು ಮೀನಿನ ಬಾಲದ ತುದಿ ಹುಡುಕಿ, ಅಳತೆ ಹಲಗೆಯ ಗೀರುಗಳ ಮೇಲೆ ಹೆಬ್ಬೆರಳು ಸರಿಸಿದರು. "ಡೆಲ್ಫೀನಾ, ನಂಗೆ ಹೋಗಿರೋದು ಕಣ್ಣಷ್ಟೇ ಕಣಮ್ಮ" ಎಂದು ನಕ್ಕು, ತಾವೇ ಅದನ್ನು ನೀರಿಗೆ ಬಿಟ್ಟರು. ನಾನು ನಾಚಿಕೊಂಡು ಕೂತೆ.

ಮಧ್ಯಾಹ್ನ ಇನ್ನೊಂದು ಲಿಂಗ್‌ಕಾಡ್ ಸಿಕ್ಕಿತು, ಮೂವತ್ತು ಅಂಗುಲದ್ದು! ದೋಣಿಯಲ್ಲಿ ಕೊಯ್ದರೆ ಯಾವ ಮೀನೆಂದು ಅಧಿಕಾರಿಗಳಿಗೆ ಗೊತ್ತಾಗುವಂತೆ ಚರ್ಮ ಉಳಿಸಬೇಕು. ಮಾವ ಬೆರಳಿನಿಂದ ತಡವುತ್ತಾ, ಚರ್ಮ ಬಿಡಿಸದೆ ಉದ್ದುದ್ದ ಎರಡು ಹೋಳು ತೆಗೆದರು. ದೋಣಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

"ಯಾಕ್ರೋ, ಎಲ್ಲಾ ಸುಮ್ಮನಾದ್ರಿ?"

"ಮಾವ, ಮಾಂಸ ನೀಲಿ ಇದೆ. ಬೆಳಗಿನ ಆಕಾಶದ ಥರ."

ಅವರು ಚಾಕು ಕೆಳಗಿಟ್ಟು ಟೋಪಿ ತೆಗೆದರು. "ಐವತ್ತು ವರ್ಷದಲ್ಲಿ ಅಂಥದ್ದು ಎರಡೇ ಸಲ ನೋಡಿದ್ದೀನಿ. ನಿಧಾನವಾಗಿ ಹೇಳು ಮಗಳೇ, ಎಲ್ಲಿಂದ ಎಲ್ಲೀವರೆಗೆ ನೀಲಿ?"

ತಲೆಯ ಕಡೆಯಿಂದ ಬಾಲದವರೆಗೂ ಹೇಳುತ್ತಾ ಹೋದೆ, ಅಣ್ಣ. ಅವರು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು.

ಈ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.
ಡೆಲ್ಫೀನಾ